47 ಅಂದ್ರೆ ಯಾವ 47? ಪ್ರೊಸೀಜರ್ ಒಳಗಿನ ಟೈಪ್ ತಪ್ಪು ಹುಡುಕಿ ಸರಿ ಮಾಡಿದ ಕಥೆ

ಮಾರ್ಚ್ ಮೊದಲ ವಾರ. ರೊಬಸ್ಟಾ ಕಾಫಿ ಕುಯ್ಲು ಮುಗೀತಾ ಬಂದು, ಕಣದಲ್ಲಿ ಒಣಗಿದ ಚೆರಿ (ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು) ಜೀಪು ಪಿಕಪ್‌ಗಳಲ್ಲಿ ಡಿಪೋಗಳಿಗೆ ಬರ್ತಾ ಇರೋ ಹೊತ್ತು. ಗೋಣಿಕೊಪ್ಪ ಕಡೆ ಒಂದು ಕಾಫಿ ಖರೀದಿ ಡಿಪೋದ ಸಾಫ್ಟ್‌ವೇರ್ ನಾನು ನೋಡ್ಕೊಳ್ಳೋದು. ಅವತ್ತು ಒಬ್ಬ ಹಿರಿಯ ಬೆಳೆಗಾರರು ಬಂದು ಕೌಂಟರ್ ಮೇಲೆ ಸ್ಟೇಟ್‌ಮೆಂಟ್ ಇಟ್ರು, ಅದ್ರಲ್ಲಿ ಅವರ ಖಾತೆಗೆ 58 ಚೀಲ ಚೆರಿ ಬಂದಿದೆ ಅಂತ ಪ್ರಿಂಟ್ ಆಗಿತ್ತು. "ನೋಡಪ್ಪ, ನಾನು ತಂದದ್ದು 23 ಚೀಲ. ಮಿಕ್ಕಿದ್ದು ನಂದಲ್ಲ, ಯಾರದ್ದು ಅಂತ ನೋಡಿ ಅವರಿಗೆ ಹಾಕಿ" ಅಂದ್ರು. ಜಾಸ್ತಿ ಬಂದ ಲೆಕ್ಕವನ್ನ ವಾಪಸ್ ತಂದುಕೊಟ್ಟವರು ಅವರು, ಅವರು ಸುಮ್ಮನೆ ಹೋಗಿದ್ರೆ ಈ ತಪ್ಪು ಇನ್ನೂ ಎಷ್ಟು ದಿನ ಒಳಗೇ ಕೂತಿರ್ತಿತ್ತೋ ಗೊತ್ತಿಲ್ಲ.

ಅವರ ಖಾತೆ ನಂಬರ್ 47. ಅವರ ಇಬ್ಬರು ತಮ್ಮಂದಿರದ್ದು 47/1 ಮತ್ತು 47/2. ನಮ್ಮಲ್ಲಿ ಇದು ಮಾಮೂಲಿ, ಮನೆ ತೋಟ ಪಾಲಾದಾಗ ಸರ್ವೆ ನಂಬರ್‌ಗೆ ಹೆಂಗೆ ಓರೆಗೆರೆ ಹಾಕಿ ಹಿಸ್ಸೆ ಮಾಡ್ತಾರೋ ಹಂಗೇ ಡಿಪೋದಲ್ಲಿ ಲೆಕ್ಕ ಬರೆಯೋ ರೈಟ್ರು ಕೂಡ ಹಳೇ ಲೆಡ್ಜರ್‌ನಲ್ಲಿ ಅಣ್ಣನಿಗೆ ಮೂಲ ನಂಬರ್ ಬಿಟ್ಟು ತಮ್ಮಂದಿರಿಗೆ /1, /2 ಅಂತ ಕೊಟ್ಟಿದ್ರು. ನಾನು ತಮ್ಮಂದಿರ ಸ್ಟೇಟ್‌ಮೆಂಟ್ ತೆಗೆದೆ. ಅವೆರಡರಲ್ಲೂ 58. ಮೂರು ಜನಕ್ಕೂ ಅದೇ 58 ಚೀಲ. ಆಗಲೇ ಒಂದು ವಿಷಯ ಖಾತ್ರಿ ಆಯ್ತು, ಇದು ಯಾರೋ ಎಂಟ್ರಿ ಹಾಕುವಾಗ ಮಾಡಿದ ತಪ್ಪಲ್ಲ, ಲೆಕ್ಕ ಹಾಕೋ ಜಾಗದಲ್ಲೇ ಮೂರು ಖಾತೆ ಒಂದಾಗ್ತಾ ಇದೆ.

ಲೆಕ್ಕ ಹಾಕೋ ಜಾಗ ಅಂದ್ರೆ ಒಂದು ಸ್ಟೋರ್ಡ್ ಪ್ರೊಸೀಜರ್. ಗೊತ್ತಿಲ್ದವರಿಗೆ ಹೇಳೋದಾದ್ರೆ, ಡೇಟಾಬೇಸ್‌ಗೆ ಪ್ರತಿ ಸಲ ಹೊರಗಿಂದ ಉದ್ದದ ಕ್ವೆರಿ (ಡೇಟಾ ಕೇಳೋ, ಬದಲಾಯಿಸೋ ಆಜ್ಞೆ) ಕಳಿಸೋ ಬದಲು ಆ ಕ್ವೆರಿಗಳನ್ನ ಒಂದು ಹೆಸರು ಕೊಟ್ಟು ಡೇಟಾಬೇಸ್ ಒಳಗೇ ಬರೆದಿಟ್ಟಿರ್ತೀವಿ, ಬೇಕಾದಾಗ ಹೆಸರು ಹಿಡಿದು ಕರೆಯೋದು, ಜೊತೆಗೆ ಖಾತೆ ನಂಬರ್, ತಾರೀಕು ಅಂತ ಒಂದೆರಡು ಬೆಲೆ ಕೊಡೋದು. ಹಂಗೆ ಕೊಡೋ ಬೆಲೆಗೆ ಪ್ಯಾರಾಮೀಟರ್ ಅಂತಾರೆ. ಪ್ಯಾರಾಮೀಟರ್‌ಗೆ ಒಂದು ಟೈಪ್ ಇರ್ತದೆ, ಇಂಟ್ ಅಂದ್ರೆ ಪೂರ್ಣ ಸಂಖ್ಯೆ, ವಾರ್‌ಚಾರ್ ಅಂದ್ರೆ ಅಕ್ಷರಗಳ ಸಾಲು, ಡೆಸಿಮಲ್ ಅಂದ್ರೆ ದಶಾಂಶ ಇರೋ ಸಂಖ್ಯೆ. ಟೇಬಲ್‌ನ ಕಾಲಂಗೂ ಹಂಗೇ ಒಂದು ಟೈಪ್ ಇರ್ತದೆ. ಇವೆರಡೂ ಒಂದೇ ಆಗಿರಬೇಕು ಅನ್ನೋದು ನಮ್ಮ ಆಸೆ, ಆದ್ರೆ ನಾವು ಬಳಸೋ ಡೇಟಾಬೇಸ್ ಮೈಎಸ್‌ಕ್ಯುಎಲ್ ಅದನ್ನ ಚೆಕ್ ಮಾಡಲ್ಲ. ಎರಡು ಟೇಬಲ್ ಮಧ್ಯೆ ಫಾರಿನ್ ಕೀ (ಒಂದರ ಕಾಲಂನ ಇನ್ನೊಂದರ ಕಾಲಂಗೆ ಕಟ್ಟೋ ನಿಯಮ) ಹಾಕೋಕೆ ಹೋದ್ರೆ ಟೈಪ್ ಹೊಂದ್ತಾ ಇಲ್ಲ ಅಂತ ತಡೀತದೆ, ಪ್ರೊಸೀಜರ್‌ನ ಪ್ಯಾರಾಮೀಟರ್‌ಗೂ ಕಾಲಂಗೂ ನಡುವೆ ಅಂಥ ಕಾವಲು ಯಾವ್ದೂ ಇಲ್ಲ.

ನಮ್ಮ ಡೇಟಾಬೇಸ್‌ನಲ್ಲಿ ಆಗಿದ್ದು ಇಷ್ಟೇ. ಮೊದಮೊದಲು ಖಾತೆ ನಂಬರ್ ಕಾಲಂ ಇಂಟ್ ಆಗಿತ್ತು, ಆಗ ಬರೆದ ಪ್ರೊಸೀಜರ್‌ನಲ್ಲೂ ಪ್ಯಾರಾಮೀಟರ್ ಇಂಟ್. ಆಮೇಲೆ ಪಾಲಾದ ಖಾತೆಗಳು ಬಂದ್ವು, 47/1 ಅನ್ನೋದು ಇಂಟ್ ಕಾಲಂನಲ್ಲಿ ಕೂರಲ್ಲ, ಅದಕ್ಕೆ ಕಾಲಂನ ವಾರ್‌ಚಾರ್(20) ಮಾಡಿದ್ರು. ಟೇಬಲ್ ಬದಲಾಯ್ತು, ಪ್ರೊಸೀಜರ್ ಹಂಗೇ ಉಳೀತು. ಎರಡು ಕಡೆ ಬರೆದಿಟ್ಟ ಒಂದೇ ವಿಷಯದಲ್ಲಿ ಒಂದು ಕಡೆ ಮಾತ್ರ ತಿದ್ದಿದ್ರೆ ಹೆಂಗೋ ಹಂಗೆ. ಕಾಲಂ ಬದಲಾಯಿಸಿದಾಗ ಒಂದು ಎರರ್ ಬರಲಿಲ್ಲ, ಪ್ರೊಸೀಜರ್ ಓಡಿಸಿದಾಗಲೂ ಬರಲಿಲ್ಲ, ಅದೇ ಇದ್ರ ಅಪಾಯ.

ಈಗ ಇಂಟ್ ಪ್ಯಾರಾಮೀಟರ್‌ನ ವಾರ್‌ಚಾರ್ ಕಾಲಂ ಜೊತೆ ಹೋಲಿಸಿದ್ರೆ ಒಳಗೆ ಏನಾಗ್ತದೆ ಅನ್ನೋದು ಈ ಇಡೀ ವಿಷಯದ ತಿರುಳು, ಸ್ವಲ್ಪ ನಿಧಾನಕ್ಕೆ ನೋಡೋಣ. ಕಾಫಿ ಲೆಕ್ಕದಲ್ಲೇ ಹೇಳ್ತೀನಿ. ಒಬ್ಬರ ಹತ್ರ 50 ಕೆಜಿ ಚೆರಿ ಇದೆ, ಇನ್ನೊಬ್ಬರ ಹತ್ರ 50 ಕೆಜಿ ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಬೀಜ) ಇದೆ, ಎರಡೂ ಒಂದೇನಾ ಅಂತ ಕೇಳಿದ್ರೆ ಯಾರೂ ಹೌದು ಅನ್ನಲ್ಲ, ಓಟಿ, ಅಂದ್ರೆ ಎಷ್ಟು ಕ್ಲೀನ್ ಕಾಫಿ ಬರ್ತದೆ ಅಂತ ನೋಡಬೇಕು ಅಂತಾರೆ. ಚೆರಿ ಕ್ಯೂರಿಂಗ್ ಆಗಿ ಬಂದ್ರೆ 26 ಕೆಜಿ ಆಸುಪಾಸು ಕ್ಲೀನ್ ಕಾಫಿ, ಪಾರ್ಚ್‌ಮೆಂಟ್ ಆದ್ರೆ 40 ಕೆಜಿ ಆಸುಪಾಸು. ಅಂದ್ರೆ ಬೇರೆ ಬೇರೆ ಜಾತಿಯ ಎರಡನ್ನ ಹೋಲಿಸಬೇಕಾದ್ರೆ ಎರಡನ್ನೂ ಒಂದು ಮೂರನೇ ರೂಪಕ್ಕೆ ತರಬೇಕು. ಮೈಎಸ್‌ಕ್ಯುಎಲ್ ಮಾಡೋದೂ ಅದನ್ನೇ. ಒಂದು ಕಡೆ ಅಕ್ಷರ, ಇನ್ನೊಂದು ಕಡೆ ಸಂಖ್ಯೆ ಇದ್ರೆ ಎರಡನ್ನೂ ಡಬಲ್ ಅನ್ನೋ ದಶಾಂಶ ಸಂಖ್ಯೆ ಮಾಡಿಕೊಂಡು ಆಮೇಲೆ ಹೋಲಿಸ್ತದೆ. ಕಾಫಿಯಲ್ಲಿ ಹೊಟ್ಟು ಹೋದ್ರೆ ನಷ್ಟ ಇಲ್ಲ, ಇಲ್ಲಿ ಹೊಟ್ಟು ಅಂತ ಬಿಸಾಕೋದ್ರಲ್ಲೇ ನಮ್ಮ ಜೀವ ಇರೋದು.

ಹೆಂಗೆ ಅಂದ್ರೆ, ಅಕ್ಷರವನ್ನ ಸಂಖ್ಯೆ ಮಾಡುವಾಗ ಅದು ಎಡಗಡೆಯಿಂದ ಓದ್ತಾ ಹೋಗ್ತದೆ, ಅಂಕಿ ಇರೋ ತನಕ ತಗೊಳ್ತದೆ, ಅಂಕಿ ಅಲ್ಲದ್ದು ಏನಾದ್ರೂ ಸಿಕ್ಕಿದ ಕೂಡಲೇ ಅಲ್ಲಿಗೆ ನಿಲ್ಲಿಸಿ ಮಿಕ್ಕಿದ್ದನ್ನ ಬಿಟ್ಟುಬಿಡ್ತದೆ. '47/1' ಓದಿದ್ರೆ 4, 7, ಆಮೇಲೆ ಓರೆಗೆರೆ, ನಿಲ್ಲು. ಬೆಲೆ 47. '47/2' ಕೂಡ 47. '0047' ಅಂದ್ರೂ 47, ಮುಂದೆ ಖಾಲಿ ಜಾಗ ಇರೋ ' 47' ಅಂದ್ರೂ 47. ಖಾಲಿ ಜಾಗ ಬಿಟ್ಟು ಮೊದಲ ಅಕ್ಷರವೇ ಅಂಕಿ ಅಲ್ಲ ಅಂದ್ರೆ ಬೆಲೆ 0, ಹಾಗಾಗಿ 'ತೋಟ' ಅಂತ ಬರೆದಿದ್ರೂ 0, ಏನೂ ಬರೀದೆ ಖಾಲಿ ಬಿಟ್ಟಿದ್ರೂ 0. ಕನ್ನಡ ಕೀಬೋರ್ಡ್‌ನಲ್ಲಿ ಯಾರಾದ್ರೂ '೪೭' ಅಂತ ಹೊಡೆದಿದ್ರೆ ಅದೂ 0, ಕನ್ನಡ ಅಂಕಿ ಅದಕ್ಕೆ ಅಂಕಿ ಅಂತ ಗೊತ್ತಾಗಲ್ಲ. ಹೀಗೆ ಪ್ರೊಸೀಜರ್ 47 ಅನ್ನೋ ಸಂಖ್ಯೆ ಹಿಡ್ಕೊಂಡು ಹುಡುಕಿದ್ರೆ ಅಣ್ಣ ತಮ್ಮಂದಿರ ಚೀಲ ಎಲ್ಲ ಒಟ್ಟಿಗೆ ಬರದೆ ಏನಾಗ್ತದೆ?

ಅದೂ ಅಲ್ದೆ ಬಾಗಿಲಲ್ಲೇ ಇನ್ನೊಂದು ನಷ್ಟ ಆಗ್ತಿತ್ತು. ರೈಟ್ರು ಸ್ಕ್ರೀನ್‌ನಲ್ಲಿ 47/1 ಅಂತಲೇ ಹಾಕ್ತಿದ್ರು, ಆದ್ರೆ ಪ್ಯಾರಾಮೀಟರ್ ಇಂಟ್ ಅಲ್ವಾ, ಒಳಗೆ ಹೋಗುವಾಗಲೇ ಅದು 47 ಆಗ್ತಿತ್ತು. ತಪ್ಪು ಬೆಲೆ ಬಂದ್ರೆ ತಗೊಳ್ಳದೆ ತಡೆಯೋ ಸ್ಟ್ರಿಕ್ಟ್ ಮೋಡ್ ಅನ್ನೋ ಸೆಟ್ಟಿಂಗ್ ಇದ್ದಿದ್ರೆ ಅಲ್ಲೇ ಎರರ್ ಬಂದು ನಮಗೆ ಯಾವಾಗಲೋ ಗೊತ್ತಾಗ್ತಿತ್ತು, ನಮ್ಮ ಅಪ್ಲಿಕೇಶನ್ ಕನೆಕ್ಟ್ ಆಗುವಾಗ ಅದನ್ನ ಆಫ್ ಮಾಡಿಕೊಂಡು ಬರ್ತಿತ್ತು. ಮೂರು ಸ್ಟೇಟ್‌ಮೆಂಟ್‌ನಲ್ಲೂ ಒಂದೇ ಮೊತ್ತ ಬಂದಿದ್ದು ಇದಕ್ಕೇ.

ಹುಡುಕುವಾಗ ನಾನು ಮೊದಲು ಮಾಡಿದ್ದು ಎಲ್ಲರೂ ಮಾಡೋದನ್ನೇ, ಪ್ರೊಸೀಜರ್ ಒಳಗಿನ ಸೆಲೆಕ್ಟ್‌ನ (ಡೇಟಾ ಓದೋ ಕ್ವೆರಿ) ಕಾಪಿ ಮಾಡಿ ಕೈಯಲ್ಲಿ ಓಡಿಸಿದೆ, ಖಾತೆ ನಂಬರ್ ಜಾಗದಲ್ಲಿ '47' ಅಂತ ಹಾಕಿದೆ. 19 ಚೀಲ ಬಂತು. 58 ಬರಲೇ ಇಲ್ಲ. ಅರ್ಧ ಗಂಟೆ ಅದನ್ನೇ ನೋಡ್ತಾ ಕೂತಿದ್ದೆ, ಕ್ವೆರಿ ಅದೇ, ಟೇಬಲ್ ಅದೇ, ಉತ್ತರ ಮಾತ್ರ ಬೇರೆ. ವ್ಯತ್ಯಾಸ ಇದ್ದದ್ದು ಆ ಎರಡು ಕೋಟ್ ಗುರುತಲ್ಲಿ. ಕೋಟ್ ಹಾಕಿದ್ರೆ ಅಕ್ಷರಕ್ಕೆ ಅಕ್ಷರ ಹೋಲಿಕೆ, ಕೋಟ್ ತೆಗೆದು ಬರೀ 47 ಹಾಕಿದ್ರೆ ಸಂಖ್ಯೆ ಹೋಲಿಕೆ. ಕೋಟ್ ತೆಗೆದು ಓಡಿಸಿದೆ, 58 ಬಂತು. ಕೂಡಲೇ ಶೋ ವಾರ್ನಿಂಗ್ಸ್ ಅಂತ ಕೊಟ್ರೆ 'ಟ್ರಂಕೇಟೆಡ್ ಇನ್‌ಕರೆಕ್ಟ್ ಡಬಲ್ ವ್ಯಾಲ್ಯೂ' ಅಂತ ಸಾಲು ಸಾಲು, ಪಕ್ಕದಲ್ಲೇ '47/1', '47/2', ಇನ್ನೂ ಬೇರೆ ಬೇರೆ ಪಾಲಾದ ಖಾತೆಗಳ ನಂಬರು. ಡೇಟಾಬೇಸ್ ಪ್ರತಿ ಸಲವೂ ಹೇಳ್ತಾನೇ ಇತ್ತು, ಕೇಳೋಕೆ ಯಾರೂ ಇರಲಿಲ್ಲ, ಯಾಕಂದ್ರೆ ಅಪ್ಲಿಕೇಶನ್ ವಾರ್ನಿಂಗ್‌ಗಳನ್ನ ಓದೋದೇ ಇಲ್ಲ. ಅದಕ್ಕೆ ಪ್ರೊಸೀಜರ್ ತಪ್ಪನ್ನ ಕೈಯಲ್ಲಿ ಟೆಸ್ಟ್ ಮಾಡೋವಾಗ ಪ್ಯಾರಾಮೀಟರ್‌ನ ಟೈಪ್ ಏನಿದೆಯೋ ಅದೇ ಟೈಪ್‌ನಲ್ಲಿ ಬೆಲೆ ಕೊಡಿ, ಇಲ್ಲಾಂದ್ರೆ ನೀವು ಟೆಸ್ಟ್ ಮಾಡ್ತಿರೋದು ಬೇರೆಯೇ ಕ್ವೆರಿ.

ಇಲ್ಲಿ ಇನ್ನೊಂದು ವಿಷಯ. ಸೆಲೆಕ್ಟ್‌ನಲ್ಲಿ ಇದು ಬರೀ ವಾರ್ನಿಂಗ್. ಸ್ಟ್ರಿಕ್ಟ್ ಮೋಡ್‌ನಲ್ಲಿ ಅಪ್‌ಡೇಟ್ ಅಥವಾ ಡಿಲೀಟ್ ಮಾಡೋವಾಗ ಇದೇ ಮಾತು 1292 ನಂಬರಿನ ಎರರ್ ಆಗಿ ಬಂದು ಕೆಲಸ ನಿಲ್ತದೆ, ಅದು ಒಳ್ಳೇದೇ. ಸ್ಟ್ರಿಕ್ಟ್ ಇಲ್ದೆ ಇದ್ರೆ ನಿಲ್ಲಲ್ಲ. ಖಾತೆ ನಂಬರ್ ಸಿಗ್ಲಿಲ್ಲ ಅಂತ ಯಾವುದೋ ಕೋಡ್ 0 ಕಳಿಸಿ, ಪ್ರೊಸೀಜರ್ ಒಳಗೆ ಅಪ್‌ಡೇಟ್ ಇದ್ರೆ, ಅಕ್ಷರದಿಂದ ಶುರುವಾಗೋ ಎಲ್ಲ ಖಾತೆಗಳೂ, ಖಾಲಿ ಇರೋವೂ ಒಂದೇ ಏಟಿಗೆ ಬದಲಾಗಿ ಹೋಗ್ತವೆ. ನಮ್ಮಲ್ಲಿ ಅದು ಆಗಿರಲಿಲ್ಲ, ಆದ್ರೆ ನಮ್ಮ ಪ್ರೊಸೀಜರ್‌ಗಳ ಪಟ್ಟಿ ನೋಡ್ತಾ ಹೋದಾಗ ಆಗಬಹುದಾದ ಜಾಗ ಎರಡು ಕಂಡ್ವು.

ಸ್ಟೇಟ್‌ಮೆಂಟ್ ಬರೋದು ನಿಧಾನ ಆಗ್ತಿತ್ತು, ಅದಕ್ಕೂ ಇದೇ ಕಾರಣ. ಖಾತೆ ನಂಬರ್ ಕಾಲಂ ಮೇಲೆ ಇಂಡೆಕ್ಸ್ ಇತ್ತು, ಆದ್ರೂ ಕ್ವೆರಿ ಹೆಂಗೆ ಓಡ್ತದೆ ಅಂತ ತೋರಿಸೋ ಎಕ್ಸ್‌ಪ್ಲೇನ್ ಹಾಕಿದ್ರೆ ಟೈಪ್ ಕೆಳಗೆ ಆಲ್ ಅಂತ ಬರ್ತಿತ್ತು, ಅಂದ್ರೆ ಇಡೀ ಟೇಬಲ್ ಓದ್ತಾ ಇದೆ. ಇಂಡೆಕ್ಸ್ ಅನ್ನೋದು ಅಕ್ಷರಗಳ ಕ್ರಮದಲ್ಲಿ ಜೋಡಿಸಿಟ್ಟ ಪಟ್ಟಿ. 47 ಅನ್ನೋ ಸಂಖ್ಯೆಗೆ ಸಮ ಆಗೋ ಅಕ್ಷರ ಸಾಲುಗಳು ಆ ಪಟ್ಟಿಯಲ್ಲಿ ಒಂದೇ ಕಡೆ ಇರಲ್ಲ, '0047' ಒಂದು ಮೂಲೆಯಲ್ಲಿ, '47/2' ಇನ್ನೊಂದು ಮೂಲೆಯಲ್ಲಿ. ಹಾಗಾಗಿ ಡೇಟಾಬೇಸ್‌ಗೆ ಪ್ರತಿ ಸಾಲನ್ನೂ ಎತ್ತಿ ಸಂಖ್ಯೆ ಮಾಡಿ ನೋಡದೆ ಬೇರೆ ದಾರಿ ಇಲ್ಲ. ನಾವು ಕಂಪ್ಯೂಟರ್ ಹಳೇದಾಯ್ತು ಅಂತ ರ‍್ಯಾಮ್ ಹಾಕಿಸಿದ್ವಿ, ಅದ್ರಿಂದ ಏನೂ ಆಗೋದಿರಲಿಲ್ಲ.

ಇನ್ನು ಸರಿ ಮಾಡೋ ಮಾತು. ಮೊದಲು ತಲೆಗೆ ಬರೋದು ಕ್ಯಾಸ್ಟ್ ಹಾಕೋದು, ಅಂದ್ರೆ ಒಂದು ಟೈಪ್‌ನ ಇನ್ನೊಂದು ಟೈಪ್ ಮಾಡೋದು. ಕಾಲಂನ ಅನ್‌ಸೈನ್ಡ್ (ಪೂರ್ಣ ಸಂಖ್ಯೆ) ಅಂತ ಕ್ಯಾಸ್ಟ್ ಮಾಡಿದ್ರೆ ಮೊದಲು ತಾನಾಗೇ ಆಗ್ತಿದ್ದ ತಪ್ಪನ್ನ ಈಗ ನಾವೇ ಕೈಯಾರೆ ಬರೆದಂಗೆ, '47/1' ಆಗಲೂ 47, ಈಗಲೂ 47. ಬದಲಿಗೆ ಪ್ಯಾರಾಮೀಟರ್‌ನ ಚಾರ್ (ಅಕ್ಷರ) ಅಂತ ಕ್ಯಾಸ್ಟ್ ಮಾಡಿದ್ರೆ ಅಣ್ಣನ ಲೆಕ್ಕ ಮಾತ್ರ ಬೇರೆ ಆಗ್ತದೆ, ತಮ್ಮಂದಿರದ್ದು ಆಗಲ್ಲ, ಯಾಕಂದ್ರೆ ಅವರ '/1', '/2' ಬಾಗಿಲಲ್ಲೇ ಹೋಗಿಬಿಟ್ಟಿದೆ, ಒಳಗೆ ಏನು ಮಾಡಿದ್ರೂ ವಾಪಸ್ ಬರಲ್ಲ. ತಮ್ಮನ ಹೆಸರಿನ ಸ್ಟೇಟ್‌ಮೆಂಟ್‌ನಲ್ಲಿ ಅಣ್ಣನ ಲೆಕ್ಕ ಬರ್ತದೆ, ಅದು ಇನ್ನೂ ಕೆಟ್ಟದ್ದು. ಮಾಡಬೇಕಾದ್ದು ಒಂದೇ, ಪ್ಯಾರಾಮೀಟರ್‌ನ ಟೈಪ್‌ನೇ ಕಾಲಂ ಜೊತೆ ಹೊಂದಿಸೋದು. ವಾರ್‌ಚಾರ್(20) ಕಾಲಂಗೆ ವಾರ್‌ಚಾರ್(20) ಪ್ಯಾರಾಮೀಟರ್. ಉದ್ದ ಕೂಡ ಅಷ್ಟೇ ಇರಲಿ, ವಾರ್‌ಚಾರ್(5) ಅಂತ ಕಡಿಮೆ ಕೊಟ್ರೆ ಸ್ಟ್ರಿಕ್ಟ್ ಇಲ್ಲದ ಕಡೆ '1047/12' ಅನ್ನೋದು '1047/' ಆಗಿ ಒಳಗೆ ಹೋಗ್ತದೆ.

ಮೈಎಸ್‌ಕ್ಯುಎಲ್‌ನಲ್ಲಿ ಆಲ್ಟರ್ ಪ್ರೊಸೀಜರ್ ಅಂತ ಒಂದು ಕಮಾಂಡ್ ಇದೆ, ಅದ್ರಲ್ಲಿ ಪ್ಯಾರಾಮೀಟರ್ ಬದಲಾಯಿಸೋಕೆ ಆಗಲ್ಲ, ಒಳಗಿನ ಕೋಡ್ ಕೂಡ ಆಗಲ್ಲ. ಡ್ರಾಪ್ ಮಾಡಿ ಮತ್ತೆ ಕ್ರಿಯೇಟ್ ಮಾಡಬೇಕು. ಅದಕ್ಕೆ ಮೊದಲು ಶೋ ಕ್ರಿಯೇಟ್ ಪ್ರೊಸೀಜರ್ ಕೊಟ್ಟು ಈಗ ಇರೋದನ್ನ ಒಂದು ಫೈಲ್‌ನಲ್ಲಿ ಇಟ್ಕೊಳ್ಳಿ. ದಿನಾ ರಾತ್ರಿ ಬ್ಯಾಕಪ್ ಆಗ್ತದಲ್ಲ ಅಂತ ನಂಬ್ಕೊಂಡು ಹೋಗಬೇಡಿ, ಬ್ಯಾಕಪ್ ತೆಗೆಯೋ ಮೈಎಸ್‌ಕ್ಯುಎಲ್‌ಡಂಪ್ ಟ್ರಿಗರ್‌ಗಳನ್ನ ತಾನಾಗೇ ತಗೊಳ್ತದೆ, ಪ್ರೊಸೀಜರ್ ಫಂಕ್ಷನ್‌ಗಳನ್ನ ರೂಟೀನ್ಸ್ ಅನ್ನೋ ಆಪ್ಷನ್ ಕೊಟ್ರೆ ಮಾತ್ರ ತಗೊಳ್ಳೋದು. ನಮ್ಮ ಬ್ಯಾಕಪ್‌ನಲ್ಲಿ ಒಂದೂ ಪ್ರೊಸೀಜರ್ ಇರಲಿಲ್ಲ. ಡ್ರಾಪ್ ಆಗಿ ಕ್ರಿಯೇಟ್ ಆಗೋ ಮಧ್ಯೆ ಯಾರಾದ್ರೂ ಸ್ಟೇಟ್‌ಮೆಂಟ್ ತೆಗೆಯೋಕೆ ಹೋದ್ರೆ ಪ್ರೊಸೀಜರ್ ಇಲ್ಲ ಅಂತ ಎರರ್ ಬರ್ತದೆ, ಅದಕ್ಕೆ ಸಂಜೆ ಡಿಪೋ ಬಾಗಿಲು ಹಾಕಿದ ಮೇಲೆ ಮಾಡಿದ್ವಿ. ಎಕ್ಸಿಕ್ಯೂಟ್ ಅನುಮತಿ ಯಾರ್ಯಾರಿಗೆ ಇತ್ತು ಅಂತ ಮೊದಲೇ ಬರೆದಿಟ್ಕೊಂಡು ಆಮೇಲೆ ಮತ್ತೆ ಕೊಟ್ವಿ.

ಮತ್ತೆ ಕ್ರಿಯೇಟ್ ಮಾಡೋವಾಗ ಸೆಷನ್‌ನ ಎಸ್‌ಕ್ಯುಎಲ್ ಮೋಡ್ (ಸ್ಟ್ರಿಕ್ಟ್ ಇದೆಯಾ ಇಲ್ವಾ ಅನ್ನೋದು ಇದ್ರಲ್ಲೇ) ಏನಿದೆ ಅಂತ ನೋಡ್ಲೇಬೇಕು. ಇದು ತುಂಬಾ ಜನಕ್ಕೆ ಗೊತ್ತಿಲ್ಲ. ಪ್ರೊಸೀಜರ್ ಹುಟ್ಟಿದ ಹೊತ್ತಿನ ಮೋಡ್ ಅದ್ರ ಜೊತೆಗೇ ಸೇವ್ ಆಗ್ತದೆ, ಆಮೇಲೆ ನೀವು ಸರ್ವರ್‌ನ ಸ್ಟ್ರಿಕ್ಟ್ ಮಾಡಿದ್ರೂ ಆ ಹಳೇ ಪ್ರೊಸೀಜರ್ ಒಳಗೆ ಹಳೇ ಮೋಡೇ ನಡೀತದೆ. ಆದ್ರೆ ಪ್ಯಾರಾಮೀಟರ್ ತಗೊಳ್ಳೋ ಹೊತ್ತಲ್ಲಿ ಮಾತ್ರ ಕರೆಯೋರ ಮೋಡ್ ಲೆಕ್ಕಕ್ಕೆ. ಅಂದ್ರೆ ಬಾಗಿಲಲ್ಲಿ ಒಂದು ಕಾನೂನು, ಮನೆ ಒಳಗೆ ಇನ್ನೊಂದು. ಎರಡೂ ಕಡೆ ಸ್ಟ್ರಿಕ್ಟ್ ಬೇಕು ಅಂದ್ರೆ ಎರಡೂ ಕಡೆ ನಾವೇ ಹಾಕಬೇಕು, ಅಪ್ಲಿಕೇಶನ್ ಕನೆಕ್ಷನ್‌ನಲ್ಲೂ, ಕ್ರಿಯೇಟ್ ಮಾಡೋ ಸೆಷನ್‌ನಲ್ಲೂ.

ಇಷ್ಟು ಮಾಡಿ ಹೊಸ ಪ್ರೊಸೀಜರ್ ಓಡಿಸಿದ್ರೆ ಇನ್ನೊಂದು ಎರರ್, 1267, 'ಇಲ್ಲೀಗಲ್ ಮಿಕ್ಸ್ ಆಫ್ ಕೊಲೇಷನ್ಸ್'. ಕೊಲೇಷನ್ ಅಂದ್ರೆ ಅಕ್ಷರಗಳನ್ನ ಹೋಲಿಸೋ, ಜೋಡಿಸೋ ನಿಯಮ, ದೊಡ್ಡಕ್ಷರ ಚಿಕ್ಕಕ್ಷರ ಒಂದೇನಾ ಬೇರೇನಾ, ಯಾವುದು ಮೊದಲು ಯಾವುದು ಆಮೇಲೆ ಅನ್ನೋದು. ನಮ್ಮ ಹಳೇ ಟೇಬಲ್‌ನ ಕೊಲೇಷನ್ ಯುಟಿಎಫ್8ಎಂಬಿ4 ಯೂನಿಕೋಡ್ ಸಿಐ. ಸರ್ವರ್ 8.0ಗೆ ಬಂದ ಮೇಲೆ ಹೊಸದಾಗಿ ಮಾಡಿದ ಡೇಟಾಬೇಸ್‌ನ ಡೀಫಾಲ್ಟ್ ಯುಟಿಎಫ್8ಎಂಬಿ4 0900 ಎಐ ಸಿಐ. ಪ್ಯಾರಾಮೀಟರ್‌ಗೆ ನಾವು ಏನೂ ಹೇಳದೆ ಇದ್ರೆ ಅದು ಡೇಟಾಬೇಸ್‌ನ ಡೀಫಾಲ್ಟ್ ತಗೊಳ್ತದೆ. ಈಗ ಎರಡೂ ವಾರ್‌ಚಾರ್ ಆದ್ರೂ ನಿಯಮ ಬೇರೆ ಬೇರೆ.

ಇದೂ ಕೈಯಲ್ಲಿ ಓಡಿಸಿದ್ರೆ ಬರಲ್ಲ! ಕಾರಣ ಏನಂದ್ರೆ ಮೈಎಸ್‌ಕ್ಯುಎಲ್‌ನಲ್ಲಿ ಎರಡು ಕೊಲೇಷನ್ ಎದುರಾದಾಗ ಯಾರು ಬಗ್ಗಬೇಕು ಅಂತ ಒಂದು ದರ್ಜೆ ಇದೆ. ಕಾಲಂನ ದರ್ಜೆ 2, ಕೈಯಲ್ಲಿ ಬರೆದ '47' ಅನ್ನೋ ಅಕ್ಷರದ ದರ್ಜೆ 4, ನಂಬರ್ ಹೆಚ್ಚಿದ್ದವನು ಬಗ್ಗಬೇಕು, ಹಾಗಾಗಿ ಗಲಾಟೆ ಇಲ್ಲ. ಪ್ರೊಸೀಜರ್‌ನ ಪ್ಯಾರಾಮೀಟರ್ ದರ್ಜೆಯೂ 2. ಇಬ್ಬರೂ ಸಮ, ಯಾರೂ ಬಗ್ಗಲ್ಲ, ಎರರ್. ಇದಕ್ಕೆ ಪರಿಹಾರ ಪ್ಯಾರಾಮೀಟರ್ ಬರೆಯುವಾಗಲೇ ಕ್ಯಾರೆಕ್ಟರ್ ಸೆಟ್ ಮತ್ತು ಕೊಲೇಟ್ ಎರಡನ್ನೂ ಕಾಲಂನಲ್ಲಿ ಇರೋ ಹಂಗೇ ಬರೆಯೋದು. ಕೆಲವರು ವೇರ್ (ಕ್ವೆರಿಯಲ್ಲಿ ಷರತ್ತು ಬರೆಯೋ ಜಾಗ) ಒಳಗೆ ಕಾಲಂ ಪಕ್ಕ ಕೊಲೇಟ್ ಹಾಕಿ ಮುಗಿಸ್ತಾರೆ, ಎರರ್ ಹೋಗ್ತದೆ ನಿಜ, ಆದ್ರೆ ಇಂಡೆಕ್ಸ್ ಇರೋದು ಕಾಲಂನ ಸ್ವಂತ ನಿಯಮದಲ್ಲಿ, ನೀವು ಅದ್ರ ನಿಯಮ ಬದಲಾಯಿಸಿದ್ರೆ ಮತ್ತೆ ಇಡೀ ಟೇಬಲ್ ಓದೋದೇ ಗತಿ. ಹಾಕಲೇಬೇಕಾದ್ರೆ ಪ್ಯಾರಾಮೀಟರ್ ಪಕ್ಕ ಹಾಕಿ. ಕೊಲೇಷನ್ ಸರಿ ಮಾಡಿ ಎಕ್ಸ್‌ಪ್ಲೇನ್ ನೋಡಿದೆ, ಆಲ್ ಹೋಗಿ ರೆಫ್ ಬಂದಿತ್ತು, ಅಂದ್ರೆ ಈಗ ಇಂಡೆಕ್ಸ್ ಬಳಸ್ತಾ ಇದೆ, ಸ್ಟೇಟ್‌ಮೆಂಟ್ ಬಟನ್ ಒತ್ತಿದ ಕೂಡಲೇ ಬಂತು.

ಬಂದ ಲೆಕ್ಕ 19 ಚೀಲ. ಆ ಹಿರಿಯರು ತಂದದ್ದು 23.

ನಾಲ್ಕು ಚೀಲ ಎಲ್ಲಿ ಅಂತ ಹುಡುಕಿದ್ರೆ '0047' ಅನ್ನೋ ಖಾತೆಯಲ್ಲಿ. ಸೀಸನ್‌ಗೆ ಅಂತ ಬಂದ ಹೊಸ ಹುಡುಗ ಹಳೇ ರಸೀದಿ ಪುಸ್ತಕದಲ್ಲಿ ಇದ್ದ ಹಂಗೇ ನಾಲ್ಕು ಅಂಕಿಯಲ್ಲಿ ಎಂಟ್ರಿ ಹಾಕಿದ್ದ. ಸಂಖ್ಯೆಯಾಗಿ ನೋಡಿದ್ರೆ '0047' ಮತ್ತು '47' ಒಂದೇ, ಅಕ್ಷರವಾಗಿ ನೋಡಿದ್ರೆ ಬೇರೆ ಬೇರೆ. ಅಂದ್ರೆ ಹಳೇ ತಪ್ಪು ಪ್ರೊಸೀಜರ್ ತಮ್ಮಂದಿರ ಚೀಲ ಸೇರಿಸ್ತಿತ್ತು ಅನ್ನೋದು ಎಷ್ಟು ನಿಜವೋ, ಈ ಸೊನ್ನೆಗಳ ಗೊಂದಲವನ್ನ ಮುಚ್ಚಿಡ್ತಿತ್ತು ಅನ್ನೋದೂ ಅಷ್ಟೇ ನಿಜ. ಟೈಪ್ ಸರಿ ಮಾಡಿದ ಕೂಡಲೇ ಡೇಟಾದ ಕೊಳೆ ಮೇಲೆ ಬಂತು. ಟೈಪ್ ತಪ್ಪು ಸರಿ ಮಾಡೋರು ಇದನ್ನ ಮರೆತು ಲೈವ್ ಹಾಕಿಬಿಟ್ರೆ ಮರುದಿನ ಬೆಳಿಗ್ಗೆ ಕೌಂಟರ್ ಮುಂದೆ 'ನನ್ನ ಚೀಲ ಕಾಣ್ತಾ ಇಲ್ಲ' ಅಂತ ಜನ ನಿಂತಿರ್ತಾರೆ, ಹಾಗಾಗಿ ಹಳೇ ಲೆಕ್ಕ ಹೊಸ ಲೆಕ್ಕ ಎರಡನ್ನೂ ಎಲ್ಲ ಖಾತೆಗೂ ಒಂದು ಸಲ ಅಕ್ಕಪಕ್ಕ ಇಟ್ಟು ನೋಡದೆ ಹಾಕಬೇಡಿ.

ಮುಂದಿನ ಸೊನ್ನೆ ತೆಗೆಯೋದು ಟ್ರಿಮ್ ಲೀಡಿಂಗ್‌ನಿಂದ ಒಂದು ಸಾಲಿನ ಕೆಲಸ. ಆದ್ರೆ ನಾನು ಅದನ್ನ ಕಣ್ಣು ಮುಚ್ಚಿ ಓಡಿಸಲಿಲ್ಲ. ರೈಟ್ರನ್ನ ಪಕ್ಕದಲ್ಲಿ ಕೂರಿಸ್ಕೊಂಡು ಸೊನ್ನೆಯಿಂದ ಶುರುವಾಗೋ ಒಂದೊಂದು ಖಾತೆಯನ್ನೂ ಲೆಡ್ಜರ್ ತೆಗೆದು, ಊರು, ಮನೆ ಹೆಸರು, ಮೊಬೈಲ್ ನಂಬರ್ ಎಲ್ಲ ಹೊಂದ್ತದಾ ಅಂತ ನೋಡಿ ಆಮೇಲೆ ಸೇರಿಸಿದ್ವಿ. ಇದು ಒಬ್ಬರ ವರ್ಷದ ದುಡಿಮೆ, ಅಂದಾಜಿನ ಮೇಲೆ ಮುಟ್ಟೋ ವಿಷಯ ಅಲ್ಲ. '47 / 1' ಅಂತ ನಡುವೆ ಖಾಲಿ ಜಾಗ ಬಿಟ್ಟವು ಸಿಕ್ವು, ಕನ್ನಡ ಅಂಕಿಯಲ್ಲಿ ಇದ್ದವು ಎರಡು ಸಿಕ್ವು. ಎಲ್ಲ ಸರಿ ಮಾಡಿ ಕಾಲಂ ಮೇಲೆ ಒಂದು ಚೆಕ್ ಹಾಕಿದೆ, ಅದ್ರ ಪ್ಯಾಟರ್ನ್ ಇಷ್ಟೇ:

^[1-9][0-9]*(/[1-9][0-9]*)?$

ಸೊನ್ನೆಯಿಂದ ಶುರುವಾಗಬಾರದು, ಅಂಕಿ ಮಾತ್ರ ಇರಬೇಕು, ಬೇಕಾದ್ರೆ ಒಂದು ಓರೆಗೆರೆ ಮತ್ತು ಅದ್ರ ಮುಂದೆ ಇನ್ನೊಂದು ಸಂಖ್ಯೆ. ಮೈಎಸ್‌ಕ್ಯುಎಲ್‌ನಲ್ಲಿ ಚೆಕ್ ನಿಜವಾಗಿ ಕೆಲಸ ಮಾಡೋದು 8.0.16ರಿಂದ ಈಚೆಗೆ, ಅದಕ್ಕಿಂತ ಹಳೇದ್ರಲ್ಲಿ ಬರೆದ್ರೆ ಎರರ್ ಇಲ್ದೆ ತಗೊಳ್ತದೆ, ಆದ್ರೆ ಏನನ್ನೂ ತಡೆಯಲ್ಲ.

ಚೀಲದ ಲೆಕ್ಕ 23 ಬಂತು, ಅಲ್ಲಿಗೆ ಮುಗೀತು ಅಂದ್ಕೊಂಡು ತೂಕ ನೋಡಿದೆ, 1159 ಕೆಜಿ ಅಂತ ಇತ್ತು. ಅವರ ಕೈಲಿದ್ದ ತೂಕದ ಚೀಟಿಗಳು ನಾಲ್ಕು, 404.4, 251.3, 303.45, 201.4. ಕೂಡಿದ್ರೆ 1160.55. ಒಂದೂವರೆ ಕೆಜಿ ಕಮ್ಮಿ. ಟೇಬಲ್‌ನಲ್ಲಿ ತೂಕದ ಕಾಲಂ ಡೆಸಿಮಲ್(10,3), ಸರಿಯಾಗೇ ಇದೆ. ಪ್ರೊಸೀಜರ್ ಒಳಗೆ ಮೊತ್ತ ಕೂಡೋಕೆ ಇಟ್ಟ ವೇರಿಯಬಲ್‌ಗೆ ಬರೀ ಡೆಸಿಮಲ್ ಅಂತ ಬರೆದಿದ್ರು. ಡೆಸಿಮಲ್ ಅಂದ್ರೆ ದಶಾಂಶ ಇರ್ತದೆ ಅಂತಲೇ ಎಲ್ಲರೂ ಅಂದ್ಕೊಳ್ಳೋದು, ಆದ್ರೆ ಬ್ರಾಕೆಟ್‌ನಲ್ಲಿ ಏನೂ ಕೊಡದಿದ್ರೆ ಮೈಎಸ್‌ಕ್ಯುಎಲ್ ಅದನ್ನ ಡೆಸಿಮಲ್(10,0) ಅಂತ ತಗೊಳ್ತದೆ, ಚುಕ್ಕಿಯ ಆಚೆ ಒಂದು ಅಂಕಿಯೂ ಇಲ್ಲ. ಸಾಲು ಸಾಲಾಗಿ ಓದೋ ಕರ್ಸರ್ ಒಂದೊಂದೇ ತೂಕ ಓದಿ ಕೂಡ್ತಾ ಹೋದಂಗೆ ಪ್ರತಿ ಸಲವೂ ರೌಂಡ್ ಆಗ್ತದೆ. 404.4 ಹೋಗಿ 404. ಅದಕ್ಕೆ 251.3 ಕೂಡಿ 655.3, ಅದು 655. 303.45 ಕೂಡಿ 958.45, ಅದು 958. 201.4 ಕೂಡಿ 1159.4, ಕೊನೆಗೆ 1159. ಸ್ಟ್ರಿಕ್ಟ್ ಮೋಡ್ ಇದ್ರೂ ಇದಕ್ಕೆ ಎರರ್ ಬರಲ್ಲ, ಡೆಸಿಮಲ್ ರೌಂಡ್ ಆಗೋದನ್ನ ಅದು ತಪ್ಪು ಅಂತ ಎಣಿಸೋದೇ ಇಲ್ಲ. ವೇರಿಯಬಲ್‌ಗೂ ಡೆಸಿಮಲ್(10,3) ಅಂತ ಕೊಟ್ಟೆ. ಆಮೇಲೆ ಆ ಕರ್ಸರ್‌ನೇ ತೆಗೆದು ನೇರ ಸಮ್ ಹಾಕಿದೆ, ಅಷ್ಟು ಉದ್ದ ಬರೆಯೋ ಅಗತ್ಯ ಏನೂ ಇರಲಿಲ್ಲ.

ಒಂದು ಪ್ರೊಸೀಜರ್‌ನಲ್ಲಿ ಇಷ್ಟು ಸಿಕ್ಕ ಮೇಲೆ ಮಿಕ್ಕಿದ್ದನ್ನ ನೋಡದೆ ಬಿಡೋ ಹಂಗಿಲ್ಲ. ಡೇಟಾಬೇಸ್ ತನ್ನ ಬಗ್ಗೆಯೇ ಮಾಹಿತಿ ಇಟ್ಕೊಳ್ಳೋ ಇನ್ಫರ್ಮೇಶನ್ ಸ್ಕೀಮಾ ಒಳಗೆ ಪ್ಯಾರಾಮೀಟರ್ಸ್ ಅಂತ ಒಂದು ಟೇಬಲ್ ಇದೆ, ಎಲ್ಲ ಪ್ರೊಸೀಜರ್ ಫಂಕ್ಷನ್‌ಗಳ ಪ್ಯಾರಾಮೀಟರ್ ಹೆಸರು, ಟೈಪ್, ಉದ್ದ, ಕೊಲೇಷನ್ ಅದ್ರಲ್ಲಿ ಇರ್ತದೆ. ಕಾಲಮ್ಸ್ ಅನ್ನೋದ್ರಲ್ಲಿ ಕಾಲಂಗಳದ್ದು ಹಂಗೇ ಇರ್ತದೆ. ನಮ್ಮಲ್ಲಿ ಪ್ಯಾರಾಮೀಟರ್ ಹೆಸರಿನ ಶುರುವಲ್ಲಿ 'ಪಿ' ಮತ್ತೆ ಅಡಿಗೆರೆ ಹಾಕಿ ಆಮೇಲೆ ಕಾಲಂ ಹೆಸರು ಬರೆಯೋ ರೂಢಿ ಇತ್ತು, ಅದೊಂದು ಪುಣ್ಯ. ಆ ಎರಡಕ್ಷರ ಕತ್ತರಿಸಿ ಎರಡು ಟೇಬಲ್ ಜೋಡಿಸಿ, ಟೈಪ್ ಆಗಲಿ ಉದ್ದ ಆಗಲಿ ಕೊಲೇಷನ್ ಆಗಲಿ ಬೇರೆ ಇರೋ ಸಾಲುಗಳನ್ನ ಮಾತ್ರ ತೆಗೆದ್ರೆ ಹೊಂದದೆ ಇರೋವೆಲ್ಲ ಒಂದೇ ಪಟ್ಟಿಯಲ್ಲಿ ಬಂದ್ವು. ಒಳಗಿನ ವೇರಿಯಬಲ್‌ಗಳು ಮಾತ್ರ ಆ ಟೇಬಲ್‌ನಲ್ಲಿ ಇರಲ್ಲ, ಅದಕ್ಕೆ ರೂಟೀನ್ಸ್ ಅನ್ನೋದ್ರಲ್ಲಿ ಕೋಡ್ ತೆಗೆದು ಡಿಕ್ಲೇರ್ ಇರೋ ಕಡೆ ಎಲ್ಲ ಕಣ್ಣಲ್ಲೇ ಓದಬೇಕು. ಪ್ರತಿ ಪ್ರೊಸೀಜರ್ ಯಾವ ಎಸ್‌ಕ್ಯುಎಲ್ ಮೋಡ್‌ನಲ್ಲಿ ಹುಟ್ಟಿದೆ ಅನ್ನೋದೂ ಅಲ್ಲೇ ಕಾಣ್ತದೆ.

ಆ ಪಟ್ಟಿಯಲ್ಲಿ ನನಗೆ ತುಂಬಾ ಹೆದರಿಕೆ ಆಗಿದ್ದು ಬ್ಯಾಂಕ್ ಖಾತೆ ನಂಬರ್ ನೋಡಿ. ಕಾಲಂ ವಾರ್‌ಚಾರ್, ಪ್ಯಾರಾಮೀಟರ್ ಬಿಗ್‌ಇಂಟ್ (ದೊಡ್ಡ ಪೂರ್ಣ ಸಂಖ್ಯೆ). ಬರೀ ಅಂಕಿಯೇ ತಾನೇ ಏನಾಗ್ತದೆ ಅನ್ನಿಸಬಹುದು. ಹೋಲಿಕೆ ಡಬಲ್‌ನಲ್ಲಿ ನಡೆಯೋದು ಅಂತ ಮೇಲೆ ಹೇಳಿದ್ನಲ್ಲ, ಡಬಲ್ ಪೂರ್ಣ ಸಂಖ್ಯೆಗಳನ್ನ ಒಂದೂ ಬಿಡದೆ ಸರಿಯಾಗಿ ಹಿಡಿಯೋದು 9007199254740992 ತನಕ, ಅಂದ್ರೆ 2ರ 53ನೇ ಘಾತದವರೆಗೆ. ಅದ್ರಿಂದ ಆಚೆ ಅಕ್ಕಪಕ್ಕದ ಸಂಖ್ಯೆಗಳು ಒಂದಾಗೋಕೆ ಶುರುವಾಗ್ತವೆ. 17 ಅಂಕಿಯ ಎರಡು ಖಾತೆ, ಕೊನೇ ಅಂಕಿ ಮಾತ್ರ ಬೇರೆ, ಹೋಲಿಕೆಯಲ್ಲಿ ಒಂದೇ ಅಂತ ಬರಬಹುದು. ಮುಂದೆ ಸೊನ್ನೆ ಇರೋ ಖಾತೆಗಳ ಪಾಡು ಬೇರೆ. ಕೂಡೋದು ಕಳೆಯೋದು ಇಲ್ಲದ ನಂಬರ್ ಅಂದ್ರೆ, ಬ್ಯಾಂಕ್ ಖಾತೆ, ಮೊಬೈಲ್, ಪಿನ್ ಕೋಡ್, ಸರ್ವೆ ನಂಬರ್, ಇವೆಲ್ಲ ಹೆಸರು ಇದ್ದ ಹಂಗೆ, ಸಂಖ್ಯೆ ಅಲ್ಲ. ಟೇಬಲ್‌ನಲ್ಲೂ ಪ್ರೊಸೀಜರ್‌ನಲ್ಲೂ ಅಕ್ಷರವಾಗೇ ಇಡಿ.

ಬೇರೆ ಡೇಟಾಬೇಸ್ ಬಳಸೋರಿಗೆ ಎರಡು ಮಾತು. ಪೋಸ್ಟ್‌ಗ್ರೆಸ್‌ನಲ್ಲಿ ನಮ್ಮ ಥರದ ತಪ್ಪು ಆಗೋದೇ ಇಲ್ಲ, ವಾರ್‌ಚಾರ್‌ಗೂ ಇಂಟ್‌ಗೂ ಸಮ ಚಿಹ್ನೆ ಹಾಕಿದ್ರೆ ಅಂಥ ಆಪರೇಟರ್ ಇಲ್ಲ ಅಂತ ಅಲ್ಲೇ ನಿಲ್ಲಿಸ್ತದೆ, 2008ರ 8.3ರಿಂದ ಈ ಬಿಗಿ ಬಂದಿದ್ದು. ಅಲ್ಲಿನ ಗುಂಡಿ ಬೇರೆ ಥರ. ಫಂಕ್ಷನ್‌ನ ಪ್ಯಾರಾಮೀಟರ್ ಟೈಪ್ ಬದಲಾಯಿಸಿ ಕ್ರಿಯೇಟ್ ಆರ್ ರಿಪ್ಲೇಸ್ ಕೊಟ್ರೆ ಹಳೇದು ಹೋಗಲ್ಲ, ಅದೇ ಹೆಸರಿನಲ್ಲಿ ಎರಡನೇ ಫಂಕ್ಷನ್ ಹುಟ್ತದೆ, ಇಂಟ್ ಕೊಟ್ಟು ಕರೆದವರಿಗೆ ಹಳೇದೇ ಸಿಗ್ತದೆ, ನೀವು ಸರಿ ಮಾಡಿದ್ದೀನಿ ಅಂತ ನೆಮ್ಮದಿಯಾಗಿ ಇರ್ತೀರ. ಹಳೇದನ್ನ ಅದ್ರ ಟೈಪ್ ಸಮೇತ ಹೇಳಿ ಡ್ರಾಪ್ ಮಾಡಬೇಕು. ಟೇಬಲ್ ರಿಟರ್ನ್ ಮಾಡೋ ಫಂಕ್ಷನ್‌ನಲ್ಲಿ ಕೌಂಟ್‌ಗೆ ಇಂಟ್ ಅಂತ ಬರೆದಿದ್ರೆ ಓಡಿಸುವಾಗ ಟೈಪ್ ಹೊಂದಲ್ಲ ಅಂತ ಎರರ್ ಬರ್ತದೆ, ಯಾಕಂದ್ರೆ ಅಲ್ಲಿ ಕೌಂಟ್ ಕೊಡೋದು ಬಿಗ್‌ಇಂಟ್. ಎಸ್‌ಕ್ಯುಎಲ್ ಸರ್ವರ್‌ನಲ್ಲಿ ಇಂಟ್‌ಗೆ ವಾರ್‌ಚಾರ್‌ಗಿಂತ ಮೇಲಿನ ದರ್ಜೆ, ಕಾಲಂನೇ ಇಂಟ್ ಮಾಡೋಕೆ ಹೋಗಿ '47/1' ಸಿಕ್ಕಿದಾಗ ಕನ್ವರ್ಷನ್ ಎರರ್ ಕೊಡ್ತದೆ. ಅಲ್ಲಿ ಪ್ಯಾರಾಮೀಟರ್‌ಗೆ ಉದ್ದ ಹೇಳದೆ ಬರೀ ವಾರ್‌ಚಾರ್ ಅಂತ ಬರೆದ್ರೆ ಉದ್ದ 1, '47/1' ಕೊಟ್ರೆ ಒಳಗೆ ಹೋಗೋದು '4' ಮಾತ್ರ, ಒಂದು ಎರರ್ ಕೂಡ ಇಲ್ಲ. ಇನ್ನು ಒರಾಕಲ್‌ನಲ್ಲಿ ಪ್ಯಾರಾಮೀಟರ್ ಟೈಪ್ ಬರೆಯೋ ಬದಲು 'ಆ ಟೇಬಲ್‌ನ ಆ ಕಾಲಂನ ಟೈಪ್' ಅಂತಲೇ ಬರೆಯೋಕೆ ಬರ್ತದೆ, ಕಾಲಂ ಬದಲಾದ್ರೆ ಪ್ರೊಸೀಜರ್ ಮತ್ತೆ ಕಂಪೈಲ್ ಆಗಿ ತಾನಾಗೇ ಹೊಂದ್ಕೊಳ್ತದೆ. ಪೋಸ್ಟ್‌ಗ್ರೆಸ್‌ನಲ್ಲೂ ಹಂಗೆ ಬರೀಬಹುದು, ಆದ್ರೆ ಪ್ಯಾರಾಮೀಟರ್‌ಗೆ ಅದು ಕ್ರಿಯೇಟ್ ಮಾಡಿದ ಹೊತ್ತಿನ ಟೈಪ್ ಹಿಡಿದು ಅಲ್ಲೇ ನಿಲ್ತದೆ, ಆಮೇಲಿನ ಬದಲಾವಣೆ ಅದಕ್ಕೆ ಗೊತ್ತಾಗಲ್ಲ. ಮಾರಿಯಾಡಿಬಿಗೆ 10.3ರಲ್ಲಿ ಟೈಪ್ ಆಫ್ ಅಂತ ಬಂದಿದೆ. ಮೈಎಸ್‌ಕ್ಯುಎಲ್‌ನಲ್ಲಿ ಅಂಥದ್ದು ಇಲ್ಲ, ಅದಕ್ಕೇ ಆ ಇನ್ಫರ್ಮೇಶನ್ ಸ್ಕೀಮಾ ಕ್ವೆರಿಯನ್ನ ನಾನು ಈಗ ದಿನಾ ರಾತ್ರಿ ಬ್ಯಾಕಪ್ ಆದ ಮೇಲೆ ಓಡೋ ಹಂಗೆ ಇಟ್ಟಿದ್ದೀನಿ, ಒಂದು ಸಾಲು ಬಂದ್ರೂ ನನ್ನ ಮೊಬೈಲ್‌ಗೆ ಮೆಸೇಜ್ ಬರ್ತದೆ. ಬ್ಯಾಕಪ್‌ಗೆ ರೂಟೀನ್ಸ್ ಆಪ್ಷನ್ ಕೂಡ ಸೇರಿಸಿದೆ.

ಮುಂದಿನ ಸೋಮವಾರ ಆ ಹಿರಿಯ ಬೆಳೆಗಾರರು ತಮ್ಮಂದಿರನ್ನೂ ಕರ್ಕೊಂಡು ಬಂದ್ರು. ಮೂರು ಸ್ಟೇಟ್‌ಮೆಂಟ್ ಪ್ರಿಂಟ್ ತೆಗೆದುಕೊಟ್ಟೆ, 23, 18, 17. ಅವರು ಜೇಬಿನಿಂದ ಆ ನಾಲ್ಕು ತೂಕದ ಚೀಟಿ ತೆಗೆದು ಒಂದೊಂದಾಗಿ ಹೋಲಿಸಿ ನೋಡಿ, 1160.55 ಅನ್ನೋದ್ರ ಕೆಳಗೆ ಪೆನ್ನಲ್ಲಿ ಒಂದು ಗೆರೆ ಎಳೆದು ಮಡಚಿ ಇಟ್ಕೊಂಡ್ರು.